ಎರಡು ಗೆಲುವು, ಎಂಟು ಸೋಲು

(ಯುವಜನರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಲಿಖಿತ ರೂಪ. ವಾಕ್ಯಭಾಗ: ಎಜ್ರ 3:10-13, ಲೂಕ 13:1-5)

ಹಿಂದೆ ಬಾಗಿಲ ಹತ್ತಿರ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಎರಡು ಸಾಲು ಖಾಲಿ ಇದೆ. ಫೋನ್‌ನಲ್ಲಿ ಬೈಬಲ್ ಓದೋರು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ. ಎಜ್ರನ ಪುಸ್ತಕ, ಮೂರನೇ ಅಧ್ಯಾಯ. ಸಿಕ್ಕಿದವರು ಆಮೆನ್ ಹೇಳಿ.

ಸಂದರ್ಭ ಏನು ಅಂದ್ರೆ, ದೇವಜನರು ಬಾಬೆಲಿನ ಸೆರೆಯಿಂದ ಯೆರೂಸಲೇಮಿಗೆ ವಾಪಸ್ ಬಂದಿದ್ದಾರೆ. ಸೊಲೊಮೋನ ಕಟ್ಟಿಸಿದ ದೇವಾಲಯ ಸುಟ್ಟು ಹೋಗಿ ಸುಮಾರು ಐವತ್ತು ವರ್ಷ ಆಗಿದೆ. ಈಗ ಹೊಸದಾಗಿ ಅಸ್ತಿವಾರ ಹಾಕ್ತಾರೆ. ಯಾಜಕರು ತುತ್ತೂರಿ ಊದ್ತಾರೆ, ಲೇವಿಯರು ತಾಳ ಹಾಕ್ತಾರೆ, ಜನ ಸ್ತೋತ್ರ ಮಾಡಿ ಆರ್ಭಟಿಸ್ತಾರೆ. ನಮ್ಮ ಸಭೆ ತರಹಾನೇ, ಸೌಂಡ್ ಜೋರು. ಆದರೆ 12ನೇ ವಚನ ನೋಡಿ. ಮೊದಲಿನ ದೇವಾಲಯವನ್ನು ಕಣ್ಣಾರೆ ಕಂಡಿದ್ದ ಹಿರಿಯರು ಅಲ್ಲೇ ನಿಂತು ಗಟ್ಟಿಯಾಗಿ ಅತ್ತರು. 13ನೇ ವಚನ ಇನ್ನೂ ವಿಚಿತ್ರ. ಯಾವುದು ಹರ್ಷಧ್ವನಿ, ಯಾವುದು ಅಳುವ ಧ್ವನಿ ಅಂತ ಜನರಿಗೆ ಬೇರೆ ಮಾಡಿ ಗುರುತಿಸೋಕೆ ಆಗಲಿಲ್ಲ. ಒಟ್ಟಿಗೆ ಸೇರಿ ದೂರದವರೆಗೆ ಕೇಳಿಸ್ತು.

ಈ ವಚನವನ್ನು ನಾನು ಎಷ್ಟೋ ಸಲ ಓದಿದ್ದೀನಿ. ಅಲ್ಲಿ ಒಂದು ವಿಷಯ ಇಲ್ಲ ಅನ್ನೋದನ್ನ ಮಾತ್ರ ಗಮನಿಸಿರಲಿಲ್ಲ. ಆ ಹಿರಿಯರಿಗೆ ಯಾರೂ ಬಂದು, ಅಜ್ಜಾ, ಅಳಬೇಡ, ಇದು ಸ್ತೋತ್ರದ ಸಮಯ ಅಂತ ಹೇಳಲಿಲ್ಲ. ಜೆರುಬ್ಬಾಬೆಲನೂ ಹೇಳಲಿಲ್ಲ, ಯಾಜಕನಾದ ಯೇಷೂವನೂ ಹೇಳಲಿಲ್ಲ. ಅದನ್ನು ಮನಸ್ಸಲ್ಲಿ ಇಟ್ಕೊಳ್ಳಿ.

ಇವತ್ತು ನಾನು ಒಂದು ಕಾಲೇಜು ಫುಟ್‌ಬಾಲ್ ಟೀಮ್ ಬಗ್ಗೆ ಮಾತಾಡ್ತೀನಿ. ಮೆಸ್ಸಿ, ರೊನಾಲ್ಡೊ ಅಂತ ನಗಬೇಡಿ, ಆ ಫುಟ್‌ಬಾಲ್ ಅಲ್ಲ. ಅಮೆರಿಕದ ಫುಟ್‌ಬಾಲ್. ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆ ಆಕಾರದ ಚೆಂಡು ಹಿಡ್ಕೊಂಡು ಓಡೋದು, ಅಡ್ಡ ಬಂದವರನ್ನ ತಳ್ಳೋದು. ಆ ದೇಶದಲ್ಲಿ ಚಿಕ್ಕ ಊರುಗಳಿಗೆ ಕಾಲೇಜು ಟೀಮ್ ಅಂದ್ರೆ ಊರ ಹಬ್ಬ ಇದ್ದ ಹಾಗೆ. ಡಾಕ್ಟರು, ಅಂಗಡಿಯವರು, ವಕೀಲರು ಎಲ್ಲ ಟೀಮ್ ಜೊತೆ ಬೇರೆ ಊರಿಗೂ ಹೋಗ್ತಾರೆ.

ವೆಸ್ಟ್ ವರ್ಜೀನಿಯಾ ರಾಜ್ಯದ ಹಂಟಿಂಗ್ಟನ್ ಅನ್ನೋ ಊರಲ್ಲಿ ಮಾರ್ಷಲ್ ಯೂನಿವರ್ಸಿಟಿ ಇದೆ. 1970, ನವೆಂಬರ್ 14, ಶನಿವಾರ. ಅವರ ಟೀಮ್ ನಾರ್ತ್ ಕೆರೊಲೈನಾದಲ್ಲಿ ಮ್ಯಾಚ್ ಆಡಿ, 17-14ರಲ್ಲಿ ಸೋತು, ವಿಮಾನದಲ್ಲಿ ವಾಪಸ್ ಬರ್ತಿತ್ತು. ಮಳೆ, ಮಂಜು. ಏರ್‌ಪೋರ್ಟ್ ಹತ್ತಿರ ಬಂದಿದ್ದಾರೆ, ರನ್‌ವೇ ಇನ್ನು ಸ್ವಲ್ಪ ದೂರ, ಅಷ್ಟರಲ್ಲಿ ವಿಮಾನ ಬೆಟ್ಟದ ಮರಗಳಿಗೆ ತಗುಲಿ ಬಿತ್ತು. ಒಳಗಿದ್ದ 75 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅದರಲ್ಲಿ 37 ಜನ ಆಟಗಾರರು. ನಿಮ್ಮ ವಯಸ್ಸು. ಹೆಡ್ ಕೋಚ್ ರಿಕ್ ಟಾಲಿ ಹೋದರು. ಊರಿನ ಬೆಂಬಲಿಗರು ಗಂಡ ಹೆಂಡತಿ ಸಮೇತ ಹೋಗಿದ್ದರು, ಹಾಗಾಗಿ ಒಂದೇ ರಾತ್ರಿಯಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳ್ಕೊಂಡ ಮಕ್ಕಳು ಆ ಊರಲ್ಲಿದ್ದರು. ಆರು ಆಟಗಾರರ ದೇಹ ಯಾರದು ಯಾವುದು ಅಂತ ಗುರುತು ಸಿಗಲಿಲ್ಲ. ಅವರನ್ನ ಅದೇ ಊರಿನ ಸ್ಮಶಾನದಲ್ಲಿ ಅಕ್ಕಪಕ್ಕ ಮಣ್ಣು ಮಾಡಿದ್ರು.

ಈ ಘಟನೆ ಮೇಲೆ 2006ರಲ್ಲಿ ಸಿನಿಮಾ ಬಂತು, ‘ವಿ ಆರ್ ಮಾರ್ಷಲ್’ ಅಂತ. ಕೆಲವರು ನೋಡಿರಬಹುದು. ಸಿನಿಮಾ ಅಂದ್ಮೇಲೆ ಮಸಾಲೆ ಇರುತ್ತೆ. ನಾನು ನಡೆದಿದ್ದನ್ನ ಮಾತ್ರ ಹೇಳ್ತೀನಿ.

ಯೂನಿವರ್ಸಿಟಿಯವರು ಫುಟ್‌ಬಾಲ್ ನಿಲ್ಲಿಸಬಾರದು ಅಂತ ನಿರ್ಧಾರ ಮಾಡಿದ್ರು. ಹೊಸ ಹೆಡ್ ಕೋಚ್ ಬೇಕು. ಮೊದಲು ಒಬ್ಬರು ಒಪ್ಪಿಕೊಂಡ್ರು, ಕೆಲವೇ ದಿನದಲ್ಲಿ ಬೇಡ ಅಂತ ಹೊರಟು ಹೋದ್ರು. ಅವರನ್ನ ನಾನು ಬೈಯಲ್ಲ. ಆ ಭಾರ ಯಾರಿಗೆ ಬೇಕು ಹೇಳಿ? ಕೊನೆಗೆ 1971ರ ಮಾರ್ಚ್ ತಿಂಗಳಲ್ಲಿ ಒಹಾಯೊ ರಾಜ್ಯದ ವೂಸ್ಟರ್ ಅನ್ನೋ ಸಣ್ಣ ಕಾಲೇಜಿನಿಂದ ಜ್ಯಾಕ್ ಲೆಂಗ್ಯೆಲ್ ಅನ್ನೋರು ಬಂದರು. ಅವರು ಆ ಊರಿನವರಲ್ಲ. ಆ ಟೀಮ್‌ನ ಜೊತೆ ಇದ್ದವರಲ್ಲ. ಯೋಚನೆ ಮಾಡಿ, ಸಾವಿನ ಮನೆಗೆ ಹೊರಗಿನವನು ಒಬ್ಬ ಬಂದು, ಏಳಿ, ಪ್ರಾಕ್ಟೀಸ್ ಶುರು ಮಾಡೋಣ ಅಂತ ಹೇಳಬೇಕು.

ಕೈಯಲ್ಲಿ ಏನಿತ್ತು? ಗಾಯ ಆಗಿದ್ದಕ್ಕೋ ಬೇರೆ ಕಾರಣಕ್ಕೋ ಆ ದಿನ ವಿಮಾನ ಹತ್ತದೆ ಉಳಿದ ಕೆಲವೇ ಹುಡುಗರು. ಮಿಕ್ಕವರೆಲ್ಲ ಹೊಸಬರು. ಆಗಿನ ರೂಲ್ ಪ್ರಕಾರ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ಟೀಮ್‌ನಲ್ಲಿ ಆಡೋ ಹಾಗಿರಲಿಲ್ಲ. ಇವರಿಗೆ ಅಂತ ವಿಶೇಷ ಅನುಮತಿ ಕೊಟ್ಟರು. ಅದೂ ಸಾಲದೆ ಕ್ಯಾಂಪಸ್‌ನಲ್ಲಿ ಬೇರೆ ಆಟ ಆಡ್ತಿದ್ದವರನ್ನ ಕರ್ಕೊಂಡ್ರು. ಚೆಂಡು ಒದೆಯೋಕೆ ಬಂದ ಹುಡುಗ ನಮ್ಮ ಫುಟ್‌ಬಾಲ್, ಅಂದ್ರೆ ಸಾಕರ್ ಆಡ್ತಿದ್ದವನು!

ಲೆಂಗ್ಯೆಲ್ ಮೊದಲು ತನಗೆ ಗೊತ್ತಿದ್ದ ಆಟದ ಪದ್ಧತಿ ತಂದರು. ಅದು ಬಲದ ಆಟ. ದೊಡ್ಡ ಮೈಕಟ್ಟಿನವರು ಬೇಕು. ಈ ಹುಡುಗರಲ್ಲಿ ಅದು ನಡೆಯಲ್ಲ ಅಂತ ಗೊತ್ತಾಯ್ತು. ಆಗ ಅವರು ಮಾಡಿದ್ದು ನನಗೆ ತುಂಬಾ ಇಷ್ಟ. ಅದೇ ರಾಜ್ಯದ ದೊಡ್ಡ ಯೂನಿವರ್ಸಿಟಿಯ ಕೋಚ್ ಬಾಬಿ ಬೌಡನ್ ಹತ್ತಿರ ಹೋಗಿ, ನಿಮ್ಮ ಪದ್ಧತಿ ನಮಗೆ ಕಲಿಸಿಕೊಡಿ ಅಂತ ಕೇಳಿದ್ರು. ಅವರೂ ಮುಚ್ಚುಮರೆ ಇಲ್ಲದೆ ಕಲಿಸಿದ್ರು. ವೀರ್ ಅಂತ ಅದರ ಹೆಸರು. ಅದು ಹೇಗೆ ಕೆಲಸ ಮಾಡುತ್ತೆ ಅಂದ್ರೆ, ಎದುರಾಳಿಗಳಲ್ಲಿ ಎಲ್ಲರನ್ನೂ ತಡೆಯೋಕೆ ಹೋಗಲ್ಲ. ಒಬ್ಬನನ್ನ ಬೇಕಂತಲೇ ಬಿಟ್ಟುಬಿಡ್ತಾರೆ. ಚೆಂಡು ಹಿಡಿದ ಹುಡುಗ ಆ ಒಬ್ಬನನ್ನೇ ನೋಡ್ತಾನೆ. ಅವನು ಈ ಕಡೆ ಬಂದ್ರೆ ಚೆಂಡು ಆ ಕಡೆ, ಆ ಕಡೆ ಹೋದ್ರೆ ಈ ಕಡೆ. ಸಣ್ಣ ಮೈಯವರು ದೊಡ್ಡ ಮೈಯವರ ಎದುರು ನಿಲ್ಲೋಕೆ ಇರೋ ದಾರಿ ಅದು.

ನಮ್ಮಲ್ಲಿ ಏನು ಮಾಡ್ತೀವಿ? ದುಃಖ ಬಂದ್ರೆ ಅದನ್ನ ಪೂರ್ತಿ ತಡೆದು ನಿಲ್ಲಿಸಬೇಕು ಅಂತ ಹಠ. ಹತ್ತು ಕಡೆಯಿಂದ ಬರೋದನ್ನ ಹತ್ತು ಕೈಯಲ್ಲಿ ತಡೀತೀವಿ. ಉಪವಾಸ, ಆಲ್ ನೈಟ್ ಪ್ರೇಯರ್, ವರ್ಷಿಪ್ ಪ್ಲೇಲಿಸ್ಟ್ ಎಲ್ಲಾ ಸೇರಿಸಿ ಅದು ಒಳಗೆ ಬಾರದ ಹಾಗೆ ಗೋಡೆ ಕಟ್ತೀವಿ. ಉಪವಾಸ ಬೇಡ ಅಂತ ಹೇಳ್ತಿಲ್ಲ, ತಪ್ಪು ತಿಳ್ಕೋಬೇಡಿ. ದುಃಖವನ್ನ ಬರೋಕೆ ಬಿಟ್ಟು, ಅದನ್ನ ಕಣ್ಣಿಟ್ಟು ನೋಡ್ತಾನೇ ಹೆಜ್ಜೆ ಇಡಬಹುದು ಅಂತ ಹೇಳ್ತಿದ್ದೀನಿ. ಯೆರೂಸಲೇಮಿನ ಹಿರಿಯರು ಅಳ್ತಾ ನಿಂತಿದ್ದು ಸ್ಮಶಾನದಲ್ಲಿ ಅಲ್ಲ, ಅಸ್ತಿವಾರದ ಪಕ್ಕದಲ್ಲಿ.

ಈಗ ಆ ಸೀಸನ್‌ಗೆ ಬರೋಣ. ಮೊದಲ ಮ್ಯಾಚ್, ಮೋರ್‌ಹೆಡ್ ಸ್ಟೇಟ್ ಎದುರು 29-6ರಲ್ಲಿ ಸೋಲು. ಎರಡನೇದು ಸೆಪ್ಟೆಂಬರ್ 25, ಅಪಘಾತದ ನಂತರ ತಮ್ಮ ಊರಲ್ಲಿ ಮೊದಲ ಮ್ಯಾಚ್, ಝೇವಿಯರ್ ಯೂನಿವರ್ಸಿಟಿ ಎದುರು. ಕೊನೆಗೆ ಸ್ಕೋರ್ 13-9, ಝೇವಿಯರ್ ಮುಂದೆ. ಒಂದೇ ಒಂದು ಸಲ ಚೆಂಡು ಆಡೋಕೆ ಟೈಮ್ ಇದೆ. ರೆಜಿ ಆಲಿವರ್ ಅನ್ನೋ ಹುಡುಗ ಚೆಂಡು ತಗೊಂಡು ಒಂದು ಕಡೆ ಓಡೋ ಹಾಗೆ ಮಾಡಿ, ಇನ್ನೊಂದು ಕಡೆಗೆ ಟೆರಿ ಗಾರ್ಡ್ನರ್‌ಗೆ ಎಸೆದ. ಮೊದಲ ವರ್ಷದ ಹುಡುಗ ಟೆರಿ ಗೆರೆ ದಾಟಿದ. ಅದಕ್ಕೆ ಆರು ಪಾಯಿಂಟ್. 15-13. ಗೆದ್ದರು! ಕ್ರೀಡಾಂಗಣದಲ್ಲಿ ಜನ ಅಪ್ಪಿಕೊಂಡು ಅತ್ತರು. ಆ ಊರಿನವರಿಗೂ ಹರ್ಷಧ್ವನಿ ಯಾವುದು, ಅಳು ಯಾವುದು ಅಂತ ಗೊತ್ತಾಗಿರಲ್ಲ. ಹಲ್ಲೆಲೂಯಾ!

ಚಪ್ಪಾಳೆ ತಟ್ಟಿದ್ರಿ. ಸರಿ. ಆದರೆ ಇಲ್ಲಿಗೆ ನಿಲ್ಲಿಸಿದ್ರೆ ನಾನು ನಿಮಗೆ ಸುಳ್ಳು ಹೇಳಿದ ಹಾಗೆ. ಬೈಬಲ್ ಕಾಲೇಜಿನಲ್ಲಿ ಪ್ರಸಂಗ ಮಾಡೋದು ಕಲಿಸುವಾಗ ನಮಗೆ ಹೇಳಿಕೊಟ್ಟಿದ್ದು ಇಷ್ಟೇ: ಕಷ್ಟದಲ್ಲಿ ಶುರು ಮಾಡಿ, ಜಯದಲ್ಲಿ ಮುಗಿಸಿ. ಸಾಕ್ಷಿ ಹೇಳೋಕೆ ಮೈಕ್ ಕೊಟ್ಟಾಗ ನೀವೂ ಅದನ್ನೇ ಮಾಡ್ತೀರಿ. ಆದರೆ ಆ ಹುಡುಗರಿಗೆ ಮುಂದಿನ ಶನಿವಾರನೂ ಮ್ಯಾಚ್ ಇತ್ತಲ್ವಾ? ಆ ಶನಿವಾರ ಅವರು 66-6ರಲ್ಲಿ ಸೋತರು. ಅರವತ್ತಾರು! ಆಮೇಲೆ ಇನ್ನೂ ಸೋತರು. ಅಕ್ಟೋಬರ್ ಕೊನೆಗೆ ಬೌಲಿಂಗ್ ಗ್ರೀನ್ ಎದುರು 12-10ರಲ್ಲಿ ಇನ್ನೊಂದು ಗೆದ್ದರು. ಅಷ್ಟೇ. ಸೀಸನ್ ಮುಗಿದಾಗ ಎರಡು ಗೆಲುವು, ಎಂಟು ಸೋಲು. ಲೆಂಗ್ಯೆಲ್ ಅಲ್ಲಿ ನಾಲ್ಕು ಸೀಸನ್ ಇದ್ದರು. ಒಟ್ಟು ಒಂಬತ್ತು ಗೆಲುವು, ಮೂವತ್ಮೂರು ಸೋಲು. ಅವರು ಹೊರಟು ಹೋಗಿ ಹತ್ತು ವರ್ಷ ಆದ್ಮೇಲೆ, 1984ರಲ್ಲಿ, ಆ ಟೀಮ್ ಮೊದಲ ಸಲ ಸೋಲಿಗಿಂತ ಗೆಲುವು ಜಾಸ್ತಿ ಇರೋ ಸೀಸನ್ ನೋಡಿತು. 1992ರಲ್ಲಿ ತಮ್ಮ ಡಿವಿಜನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಅದು ಬೇರೆ ಕೋಚ್‌ನ ಕಾಲ.

ಎಜ್ರನ ಪುಸ್ತಕದಲ್ಲೂ ಹಾಗೇ ಆಯ್ತು. ಅಸ್ತಿವಾರ ಹಾಕಿದ್ದೇನೋ ಹೌದು, ನಾಲ್ಕನೇ ಅಧ್ಯಾಯದಲ್ಲಿ ವಿರೋಧಿಗಳು ಬಂದು ಕೆಲಸ ನಿಲ್ಲಿಸಿದ್ರು. ದೇವಾಲಯ ಪೂರ್ತಿ ಆಗೋಕೆ ಸುಮಾರು ಇಪ್ಪತ್ತು ವರ್ಷ ಹಿಡೀತು. ಆ ದಿನ ಅತ್ತ ಅಜ್ಜಂದಿರಲ್ಲಿ ಎಷ್ಟು ಜನ ಅದನ್ನ ನೋಡಿದ್ರೋ! ದೇವರು ಹಗ್ಗಾಯನ ಮೂಲಕ ಅವರ ಹತ್ತಿರ ಮಾತಾಡಿದಾಗಲೂ, ಮೊದಲಿನ ಮಹಿಮೆ ಕಂಡವರು ನಿಮ್ಮಲ್ಲಿ ಯಾರಿದ್ದೀರಿ, ಈಗಿನದು ನಿಮಗೆ ಏನೂ ಇಲ್ಲದ ಹಾಗೆ ಕಾಣ್ತಿದೆ ಅಲ್ವಾ ಅನ್ನೋ ಅರ್ಥದಲ್ಲಿ ಕೇಳ್ತಾನೆ. ಹಗ್ಗಾಯ 2:3, ಮನೆಗೆ ಹೋಗಿ ಓದಿ. ಅವರ ನಷ್ಟವನ್ನ ದೇವರೇ ಬಾಯಿಬಿಟ್ಟು ಹೇಳ್ತಾನೆ. ಆಮೇಲೆ ನಾನು ನಿಮ್ಮ ಜೊತೆ ಇದ್ದೀನಿ, ಕೆಲಸ ಮಾಡಿ ಅಂತಾನೆ. ಮರೆತುಬಿಡಿ ಅನ್ನಲಿಲ್ಲ.

ಇನ್ನೊಬ್ಬರ ಬಗ್ಗೆ ಹೇಳ್ಬೇಕು. ರೆಡ್ ಡಾಸನ್. ಹಳೇ ಟೀಮ್‌ನ ಸಹಾಯಕ ಕೋಚ್. ಆ ಶನಿವಾರ ಅವರು ಮತ್ತು ಇನ್ನೊಬ್ಬ ಕೋಚ್ ವಿಮಾನದಲ್ಲಿ ಬರಲಿಲ್ಲ, ಹೊಸ ಆಟಗಾರನೊಬ್ಬನನ್ನ ನೋಡೋಕೆ ಕಾರಲ್ಲಿ ಹೋಗಿದ್ದರು. ಆ ಇನ್ನೊಬ್ಬ ಕೋಚ್ ಹೋಗುವಾಗ ವಿಮಾನದಲ್ಲೇ ಹೋಗಿದ್ದವರು. ವಾಪಸ್ ಬರುವಾಗ ತಮ್ಮ ಸೀಟನ್ನ ಜೊತೆಗಾರನಿಗೆ ಬಿಟ್ಟುಕೊಟ್ಟು ಕಾರು ಹತ್ತಿದ್ರು. ದಾರಿಯಲ್ಲಿ ಕಾರಿನ ರೇಡಿಯೋದಲ್ಲಿ ಸುದ್ದಿ ಕೇಳಿದ್ರು.

ಈಗ ಇದೇ ನಮ್ಮ ಸಭೆಯಲ್ಲಿ ಆಗಿದ್ರೆ? ಮುಂದಿನ ಭಾನುವಾರ ಆ ಬ್ರದರ್ ಕೈಗೆ ಮೈಕ್ ಕೊಡ್ತಿದ್ವಿ. ಕೊನೇ ನಿಮಿಷದಲ್ಲಿ ದೇವರು ನನ್ನ ಸೀಟ್ ಬದಲಾಯಿಸಿದ, ಹಲ್ಲೆಲೂಯಾ! ಎಲ್ಲರೂ ಆಮೆನ್. ಆದರೆ ಆ ಸೀಟಿನಲ್ಲಿ ಕೂತವನ ಹೆಂಡತಿ ಹಿಂದಿನ ಸಾಲಲ್ಲಿ ಕೂತಿದ್ರೆ? ಆಕೆ ಆಮೆನ್ ಹೇಳಬೇಕಾ? ನಾನು ಜೀವ ಉಳಿದದ್ದಕ್ಕೆ ಸ್ತೋತ್ರ ಹೇಳಬೇಡಿ ಅಂತಿಲ್ಲ. ಹೇಳಿ. ಆದರೆ ನಿಮ್ಮ ಸಾಕ್ಷಿಯಲ್ಲಿ ಸತ್ತವರ ಮೇಲೆ ತೀರ್ಪು ಕೊಡಬೇಡಿ. ಲೂಕ 13ರಲ್ಲಿ ಯೇಸುಸ್ವಾಮಿ ಇದನ್ನೇ ಎತ್ತುತ್ತಾನೆ. ಸಿಲೋವದಲ್ಲಿ ಗೋಪುರ ಬಿದ್ದು ಹದಿನೆಂಟು ಜನ ಸತ್ತಿದ್ದರು. ಅವರು ಉಳಿದವರಿಗಿಂತ ದೊಡ್ಡ ಅಪರಾಧಿಗಳು ಅಂತ ಅಂದುಕೊಂಡ್ರಾ ಅಂತ ಕೇಳಿ, ಇಲ್ಲ ಅಂತ ತಾನೇ ಉತ್ತರ ಕೊಡ್ತಾನೆ. ಅವರು ಯಾಕೆ ಸತ್ತರು ಅಂತ ಕಾರಣ ಹೇಳಲ್ಲ, ಗಮನಿಸಿ. ಉಳಿದವರ ಕಡೆ ತಿರುಗಿ, ನೀವು ದೇವರ ಕಡೆ ತಿರುಗಿ ಅಂತಾನೆ. ಕಾರಣ ಹುಡುಕಿ ಕೊಡೋ ಕೆಲಸವನ್ನ ಕರ್ತನೇ ಮಾಡಲಿಲ್ಲ. ನಾವು ಯಾಕೆ ಮೈಮೇಲೆ ಎಳ್ಕೊಳ್ತೀವಿ?

ಡಾಸನ್ 1971ರ ಸೀಸನ್‌ಗೆ ಲೆಂಗ್ಯೆಲ್ ಜೊತೆ ಕೆಲಸ ಮಾಡಿದ್ರು. ಒಂದೇ ಒಂದು ಸೀಸನ್. ಆಮೇಲೆ ಕೋಚಿಂಗ್ ಬಿಟ್ಟರು. ಕಟ್ಟಡ ಕೆಲಸದ ಕಡೆ ಹೋದರು. ಎಷ್ಟೋ ವರ್ಷ ಆ ವಿಷಯ ಮಾತೇ ಆಡಲಿಲ್ಲ. ಅವರನ್ನ ಸೋತವರು ಅಂತ ಕರೀತೀರಾ? ನಾನು ಕರೆಯಲ್ಲ. ಆ ಹೊಸ ಹುಡುಗರಿಗೆ ಕಲಿಸುವಾಗ ಅವರ ಕಣ್ಣ ಮುಂದೆ ಯಾವ ಮುಖಗಳು ಬರ್ತಿದ್ವೋ ಯೋಚನೆ ಮಾಡಿ. ಒಂದು ಸೀಸನ್ ನಿಂತಿದ್ದೇ ದೊಡ್ಡದು. ಹೊಸ ಕೋಚ್ ಲೆಂಗ್ಯೆಲ್ ಹೊರಗಿನಿಂದ ಬಂದು ಕಟ್ಟಿದ್ರು, ಹಳೇ ಕೋಚ್ ಡಾಸನ್ ಮನಸ್ಸು ಭಾರ ಇಟ್ಟುಕೊಂಡೇ ಕಲ್ಲು ಎತ್ತಿಕೊಟ್ಟರು. ಆ ಅಸ್ತಿವಾರಕ್ಕೆ ಇಬ್ಬರೂ ಬೇಕಾಗಿತ್ತು.

ಈಗ ನನ್ನ ತಪ್ಪಿನ ವಿಷಯ. ಇದನ್ನ ಹೇಳೋಕೆ ಆ ತಮ್ಮನ ಅನುಮತಿ ಕೇಳಿದ್ದೀನಿ, ಹೆಸರು ಹೇಳಲ್ಲ, ಊಹೆ ಮಾಡೋಕೂ ಹೋಗಬೇಡಿ.

ಎರಡು ವರ್ಷದ ಹಿಂದೆ ನಮ್ಮ ಯೂತ್‌ನ ಒಬ್ಬ ತಮ್ಮನ ಅಣ್ಣ ಬೈಕ್ ಆಕ್ಸಿಡೆಂಟ್‌ನಲ್ಲಿ ತೀರ್ಕೊಂಡರು. ಮನೆಗೆ ಹೋದೆ. ನೆಂಟರೆಲ್ಲ ಸೇರಿದ್ದರು, ಹೆಚ್ಚಿನವರು ರಕ್ಷಣೆ ಹೊಂದದವರು. ಈ ತಮ್ಮ ಗೋಡೆಗೆ ಒರಗಿ ಅಳ್ತಿದ್ದ. ನಾನು ಹತ್ತಿರ ಹೋಗಿ, ಹೆಗಲ ಮೇಲೆ ಕೈ ಇಟ್ಟು ಹೇಳಿದೆ, "ತಮ್ಮಾ, ನೀನು ವಿಶ್ವಾಸಿ. ಹೀಗೆ ಅಳಬಾರದು. ಎಲ್ಲರೂ ನೋಡ್ತಿದ್ದಾರೆ, ಸಾಕ್ಷಿ ಕೆಟ್ಟು ಹೋಗುತ್ತೆ." 1 ಥೆಸಲೊನೀಕ 4:13 ಬೇರೆ ಹೇಳಿದೆ. ಅಲ್ಲಿ ಪೌಲ ದುಃಖಪಡಲೇಬೇಡಿ ಅನ್ನಲ್ಲ, ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂತಾನೆ. ನನಗೆ ಗೊತ್ತಿತ್ತು. ಆದರೂ ಅರ್ಧ ವಚನ ಹೇಳಿದೆ. ಆ ಹುಡುಗ ಕಣ್ಣು ಒರೆಸ್ಕೊಂಡ. ಎದ್ದು ಹೋಗಿ ಬಂದವರಿಗೆ ಟೀ ಕೊಡೋಕೆ ಶುರು ಮಾಡಿದ. ನಾನು ಮನೆಗೆ ಹೋಗ್ತಾ ದೇವರಿಗೆ ಸ್ತೋತ್ರ ಹೇಳಿದೆ, ಎಂಥ ಬಲವಾದ ವಿಶ್ವಾಸ ಅಂತ.

ಆಮೇಲೆ ಕೆಲವು ಭಾನುವಾರ ಬಂದ. ಮೊದಲ ಸಾಲಲ್ಲೇ ನಿಂತು ಕೈ ಎತ್ತಿ ಹಾಡ್ತಿದ್ದ. ಆಮೇಲೆ ಬರಲಿಲ್ಲ. ಫೋನ್ ಮಾಡಿದ್ರೆ ಆಫೀಸ್ ಕೆಲಸ ಪಾಸ್ಟರ್ ಅಂತ ಹೇಳ್ತಿದ್ದ. ಹೋದ ತಿಂಗಳು ಮೆಟ್ರೋ ಸ್ಟೇಷನ್‌ನಲ್ಲಿ ಸಿಕ್ಕಿದ. ಊಟ ಆಯ್ತಾ, ಅಮ್ಮ ಹೇಗಿದ್ದಾರೆ ಅಂತ ಮಾತಾಡಿದ್ವಿ. ಟ್ರೇನ್ ಬಂತು. ಅವನು ಹತ್ತಲಿಲ್ಲ. ನನ್ನನ್ನ ನೋಡಿ ಹೇಳಿದ, "ಪಾಸ್ಟರ್, ಆ ದಿನ ನೀವು ಹೇಳಿದ್ರಲ್ಲ, ಅದಾದ ಮೇಲೆ ನಾನು ಇವತ್ತಿನವರೆಗೂ ಅತ್ತಿಲ್ಲ. ಪ್ರಾರ್ಥನೆಯಲ್ಲೂ ಬರಲ್ಲ. ಈಗ ಪ್ರಾರ್ಥನೆಯೂ ಬರಲ್ಲ."

(ಸಭೆ ಮೌನ)

ಪ್ಲಾಟ್‌ಫಾರ್ಮ್‌ನಲ್ಲಿ ನಿಂತೇ ಅವನ ಹತ್ತಿರ ಕ್ಷಮೆ ಕೇಳಿದೆ. ಪರವಾಗಿಲ್ಲ ಪಾಸ್ಟರ್ ಅಂದ. ಪರವಾಗಿಲ್ಲ ಅಂತ ನನಗೆ ಅನಿಸಲಿಲ್ಲ. ಅವನು ಇನ್ನೂ ಸಭೆಗೆ ವಾಪಸ್ ಬಂದಿಲ್ಲ. ಇವತ್ತೂ ಬಂದಿಲ್ಲ, ಬಾಗಿಲ ಕಡೆ ನಾನು ನೋಡ್ತಾನೇ ಇದ್ದೀನಿ. ಬಂದಿದ್ದಾನೆ ಅಂತ ಹೇಳಿ ನಿಮ್ಮಿಂದ ಚಪ್ಪಾಳೆ ತಗೊಳ್ಳೋಕೆ ನನಗೂ ಆಸೆ. ಆದರೆ ನಾವಿನ್ನೂ ಸೀಸನ್ ಮಧ್ಯದಲ್ಲಿದ್ದೀವಿ.

ಲಾಜರನ ಸಮಾಧಿ ಹತ್ತಿರ ನಮ್ಮ ಕರ್ತನು ಅತ್ತನು, ಯೋಹಾನ 11. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ತನು. ಅವನ ಸಾಕ್ಷಿ ಕೆಟ್ಟಿತಾ? ನೋಡ್ತಿದ್ದ ಯೆಹೂದ್ಯರು ಏನು ಹೇಳಿದ್ರು? ನೋಡಿ, ಲಾಜರನ ಮೇಲೆ ಎಷ್ಟು ಪ್ರೀತಿ ಅಂದ್ರು. ಆ ದಿನ ಆ ಮನೆಯಲ್ಲಿ ನೆಂಟರು ನೋಡಬೇಕಾಗಿದ್ದು ಅದನ್ನೇ. ತಮ್ಮನಿಗೆ ಅಣ್ಣನ ಮೇಲಿದ್ದ ಪ್ರೀತಿ. ನಾನು ಅಡ್ಡ ನಿಂತೆ.

ಪವಿತ್ರಾತ್ಮನ ಅಭಿಷೇಕ ಅಂದ್ರೆ ಸೌಂಡ್ ಮಾತ್ರ ಅಂತ ನಮ್ಮಲ್ಲಿ ಅಭ್ಯಾಸ ಆಗಿದೆ. ನನಗೂ ಸೌಂಡ್ ಇಷ್ಟ, ಡ್ರಮ್ಸ್ ಇಷ್ಟ. ರೋಮಾಪುರ 8:26ರಲ್ಲಿ ಪವಿತ್ರಾತ್ಮನು ಮಾತಿಗೆ ಸಿಗದ ನರಳಾಟದಿಂದ ನಮಗೋಸ್ಕರ ಬೇಡ್ತಾನೆ ಅಂತ ಇದೆ. ನರಳಾಟಕ್ಕೆ ರಾಗ ಇಲ್ಲ, ತಾಳ ಇಲ್ಲ. ಅದೂ ಆತ್ಮನ ಪ್ರಾರ್ಥನೆಯೇ.

ಮಾರ್ಷಲ್ ಯೂನಿವರ್ಸಿಟಿ ಕ್ಯಾಂಪಸ್‌ನಲ್ಲಿ ಒಂದು ಕಾರಂಜಿ ಇದೆ. ಸತ್ತ 75 ಜನರ ನೆನಪಿಗೆ 1972ರಲ್ಲಿ ಮಾಡಿದ್ದು. ಪ್ರತಿ ವರ್ಷ ನವೆಂಬರ್ 14ರಂದು ಎಲ್ಲರೂ ಅದರ ಸುತ್ತ ಸೇರ್ತಾರೆ. ಹೆಸರುಗಳನ್ನ ಓದ್ತಾರೆ. ಆಮೇಲೆ ನೀರು ನಿಲ್ಲಿಸ್ತಾರೆ. ಚಳಿಗಾಲ ಪೂರ್ತಿ ಅದು ಹಾಗೇ ಇರುತ್ತೆ, ವಸಂತದಲ್ಲಿ ಮತ್ತೆ ಬಿಡ್ತಾರೆ. ಅಷ್ಟು ವರ್ಷ ಆಯ್ತು, ಚಾಂಪಿಯನ್ ಕೂಡ ಆದರು, ಆದರೂ ಇವತ್ತಿಗೂ ನಿಲ್ಲಿಸ್ತಾರೆ. ಶನಿವಾರಗಳಲ್ಲಿ ಅದೇ ಹುಡುಗರು ಮೈದಾನಕ್ಕೆ ಹೋಗಿ ಆಡ್ತಾರೆ.

ಮ್ಯೂಸಿಕ್ ಟೀಮ್, ಎದ್ದು ಬರಬೇಡಿ. ಕೀಬೋರ್ಡ್ ಕೂಡ ಬೇಡ ತಂಗಿ, ಕೂತ್ಕೋ. ಇವತ್ತು ಆಲ್ಟರ್ ಕಾಲ್‌ಗೆ ಹಾಡಿಲ್ಲ. ಇಲ್ಲಿ ಯಾರಾದ್ರೂ ಯಾರನ್ನಾದ್ರೂ ಕಳ್ಕೊಂಡು, ಸಭೆಯಲ್ಲಿ ಅಳೋಕೆ ಹೆದರಿ ಕೂತಿದ್ರೆ, ಕೂತಲ್ಲೇ ಕೂತಿರಿ, ಇಲ್ಲ ಮುಂದೆ ಬನ್ನಿ, ನಿಮ್ಮಿಷ್ಟ. ಪಕ್ಕದಲ್ಲಿರೋರು ವಚನ ಹೇಳೋಕೆ ಹೋಗಬೇಡಿ. ಬೇಕಾದ್ರೆ ಕೈ ಹಿಡ್ಕೊಳ್ಳಿ. ಸ್ತೋತ್ರ ಹೇಳಬೇಕು ಅನಿಸಿದವರು ಮೆಲ್ಲಗೆ ಹೇಳಿ. ಐದು ನಿಮಿಷ ನಾನೂ ಮೈಕ್ ಕೆಳಗೆ ಇಡ್ತೀನಿ.

ಕರ್ತನೇ, ನಾವಿಲ್ಲಿದ್ದೀವಿ.